ದಾದಾಸಾಹೇಬ ಫಾಲ್ಕೆ: ಸೆಕೆಂಡಿಗೆ 16 ಚಿತ್ರ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಕುರಿತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಗೆಳೆಯರು ಕೇಳಿದರು. ಬಸವಣ್ಣನವರ ಬಗ್ಗೆ, ವಿಶ್ವೇಶ್ವರಯ್ಯನವರ ಬಗ್ಗೆ, ಅಂಬೇಡ್ಕರರ ಬಗ್ಗೆ ಬರೆಯಲು ನನಗಿಂತ ಬಲ್ಲವರು ಮುಂದೆ ಬಂದಾಗಿತ್ತು. ನಾನು ಬರಹಗಾರನಲ್ಲ. ಬೀದರದಲ್ಲಿ ಫೋಟೋ ಮತ್ತು ವಿಡಿಯೋ ಸ್ಟುಡಿಯೋ ಇಟ್ಟುಕೊಂಡು ಮೂವತ್ತು ವರ್ಷಗಳಿಂದ ಬೀದರ, ಭಾಲ್ಕಿ, ಔರಾದ ತಾಲೂಕುಗಳ ಮದುವೆ, ಗೃಹಪ್ರವೇಶ, ಜಾತ್ರೆಗಳನ್ನು ಚಿತ್ರಿಸಿ ಹೊಟ್ಟೆ ಹೊರೆದವನು. ಹಾಗಾಗಿ ನನಗೆ ಅನ್ನ ಕೊಟ್ಟ ವಿದ್ಯೆಯನ್ನು ಈ ದೇಶದಲ್ಲಿ ಬೇರೂರಿಸಿದ ಹಿರಿಯರ ಬಗ್ಗೆಯೇ ಬರೆಯುತ್ತೇನೆಂದು ಒಪ್ಪಿಕೊಂಡೆ. ಅವರು ಧುಂಡಿರಾಜ ಗೋವಿಂದ ಫಾಲ್ಕೆ. ಜನ ಕರೆದದ್ದು ದಾದಾಸಾಹೇಬ ಎಂದು.

ಆದರೆ ಅವರ ಕಥೆ ಹೇಳುವ ಮುಂಚೆ ಇದೇ ಶಾಲೆಯ ಮೈದಾನದಲ್ಲಿ ನಡೆದ ಒಂದು ಸಂಗತಿ ಹೇಳಬೇಕು.

ನಾನು ಎಂಟನೆಯ ತರಗತಿಯಲ್ಲಿದ್ದಾಗ ಗಾಂಧಿ ಜಯಂತಿಯ ದಿನ ಸರ್ಕಾರದ ಪ್ರಚಾರ ವ್ಯಾನು ಊರಿಗೆ ಬಂತು. ಕತ್ತಲಾದ ಮೇಲೆ ಎರಡು ಬಿದಿರಿನ ಗಳದ ನಡುವೆ ಬಿಳಿ ಪರದೆ ಕಟ್ಟಿ ಸಾಕ್ಷ್ಯಚಿತ್ರ ತೋರಿಸಿದರು. ಹುಡುಗರೆಲ್ಲ ನೆಲದ ಮೇಲೆ, ಹಿರಿಯರು ಹಿಂದೆ ಬೆಂಚಿನ ಮೇಲೆ. ಪರದೆಯ ಮೇಲೆ ಗಾಂಧೀಜಿ ಕೋಲು ಹಿಡಿದು ನಡೆದು ಬಂದರು. ನಡೆದರು ಎನ್ನುವುದಕ್ಕಿಂತ ಓಡಿದರು ಎನ್ನಬೇಕು. ಕಾಲುಗಳು ಪಟಪಟ ಎಂದು ಹೊಲಿಗೆ ಯಂತ್ರದ ಸೂಜಿಯ ಹಾಗೆ ಕುಣಿಯುತ್ತಿದ್ದವು. ಹಿಂದಿದ್ದವರೂ ಹಾಗೇ. ಮೊದಲು ನಕ್ಕವನು ನಾನೋ ನನ್ನ ಪಕ್ಕದವನೋ, ಈಗ ನೆನಪಿಲ್ಲ. ಮೈದಾನವೆಲ್ಲ ನಕ್ಕಿತು.

ನಮ್ಮ ವಿಜ್ಞಾನದ ಮಾಸ್ತರರು ಎದ್ದು ನಿಂತದ್ದು ಕಂಡಿತು. ಹೊಡೆಯುತ್ತಾರೆಂದುಕೊಂಡೆವು. ಅವರು ಹೊಡೆಯಲಿಲ್ಲ, ಬೈಯಲಿಲ್ಲ, ಮೈದಾನ ಬಿಟ್ಟು ಮನೆಗೆ ಹೋದರು. ಮರುದಿನ ತರಗತಿಗೆ ಬಂದು, ನಕ್ಕಿದ್ದೇಕೆ ಎಂದು ಒಬ್ಬೊಬ್ಬರನ್ನೇ ಕೇಳಿದರು. ಯಾರಿಗೂ ಉತ್ತರ ಬರಲಿಲ್ಲ. ಗಾಂಧೀಜಿಯ ನಡಿಗೆಯಲ್ಲಿ ತಪ್ಪೇನಿತ್ತು ಎಂದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಆ ತಪ್ಪು ಗಾಂಧೀಜಿಯದೂ ಅಲ್ಲ, ನಮ್ಮದೂ ಅಲ್ಲ, ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕದ್ದು ಎಂದು ನನಗೆ ತಿಳಿಯಲು ಹತ್ತು ವರ್ಷ ಹಿಡಿಯಿತು. ಆ ಲೆಕ್ಕದ ಬೆನ್ನು ಹತ್ತಿಯೇ ನಾನು ಫಾಲ್ಕೆಯವರನ್ನು ಓದಿದ್ದು.

ಫಾಲ್ಕೆ ಹುಟ್ಟಿದ್ದು 1870ರ ಏಪ್ರಿಲ್ 30ರಂದು, ನಾಸಿಕದ ಹತ್ತಿರದ ತ್ರ್ಯಂಬಕದಲ್ಲಿ. ನಮ್ಮ ಕಡೆಯ ಮಂದಿಗೆ ತ್ರ್ಯಂಬಕ ದೂರದ ಊರಲ್ಲ, ಯಾತ್ರೆಗೆ ಹೋಗಿ ಬರುವ ಜಾಗ. ಅಲ್ಲಿ ಹುಟ್ಟುವ ಗೋದಾವರಿಯನ್ನೇ ನಮ್ಮ ಮಾಂಜ್ರಾ ಹೋಗಿ ಸೇರುವುದು. ತಂದೆ ಸಂಸ್ಕೃತ ಪಂಡಿತರು. ಮಗ ಪೌರೋಹಿತ್ಯಕ್ಕೆ ಹೋಗದೆ 1885ರಲ್ಲಿ ಮುಂಬೈಯ ಜೆ.ಜೆ. ಕಲಾಶಾಲೆ ಸೇರಿದ. ಆಮೇಲೆ ಬರೋಡಾದ ಕಲಾಭವನ. ಚಿತ್ರ ಬರೆಯುವುದು, ಅಚ್ಚು ತೆಗೆಯುವುದು, ಎರಕ ಹೊಯ್ಯುವುದು, ಫೋಟೋಗ್ರಫಿ, ನಾಟಕದ ಪರದೆ, ಕಣ್ಕಟ್ಟು, ಎಲ್ಲವನ್ನೂ ಕಲಿತ. ತನ್ನ ಹೆಸರನ್ನೇ ತಿರುವಿಹಾಕಿ ಪ್ರೊಫೆಸರ್ ಕೆಲ್ಫಾ ಎಂಬ ಹೆಸರಿನಲ್ಲಿ ಜಾದೂ ಪ್ರದರ್ಶನವನ್ನೂ ಕೊಟ್ಟದ್ದುಂಟು.

ಇಷ್ಟೆಲ್ಲ ಕಲಿತವನಿಗೆ ಒಂದರಲ್ಲೂ ನೆಲೆ ಸಿಗಲಿಲ್ಲ. ಗುಜರಾತಿನ ಗೋಧ್ರಾದಲ್ಲಿ ಫೋಟೋ ಸ್ಟುಡಿಯೋ ತೆರೆದರು. ಪ್ಲೇಗು ಬಂದು ಹೆಂಡತಿ ಮತ್ತು ಮಗುವನ್ನು ಒಯ್ದಿತು. ಸ್ಟುಡಿಯೋ ಮುಚ್ಚಿತು. ಪುರಾತತ್ವ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದರು, ಬಿಟ್ಟರು. ಲೋನಾವಳದಲ್ಲಿ ಅಚ್ಚುಕೂಟ ನಡೆಸಿದರು, ರಾಜಾ ರವಿವರ್ಮರ ಚಿತ್ರಗಳ ಮುದ್ರಣದಲ್ಲಿ ಕೈಯಾಡಿಸಿದರು. 1909ರಲ್ಲಿ ಜರ್ಮನಿಗೆ ಹೋಗಿ ಬಣ್ಣದ ಮುದ್ರಣ ಕಲಿತು ಬಂದರು. ಪಾಲುದಾರರೊಡನೆ ಮನಸ್ತಾಪವಾಗಿ ಅದರಿಂದಲೂ ಹೊರಬಂದರು. ನಾಲ್ವತ್ತು ದಾಟಿತ್ತು. ಎರಡನೆಯ ಹೆಂಡತಿ ಸರಸ್ವತಿಬಾಯಿ, ಮಕ್ಕಳು, ಕೈಯಲ್ಲಿ ಕಾಸಿಲ್ಲ. ನಮ್ಮೂರಿನಲ್ಲಿ ಇಂಥವರನ್ನು ಕಂಡರೆ ಮಂದಿ ಏನನ್ನುತ್ತಾರೆಂದು ನಾನು ಬರೆಯಬೇಕಿಲ್ಲ.

ಆಗ, 1911ರ ಸುಮಾರಿಗೆ, ಮುಂಬೈಯ ಗಿರಗಾಂವದ ಒಂದು ಡೇರೆಯಲ್ಲಿ ಯೇಸುಕ್ರಿಸ್ತನ ಜೀವನದ ಸಿನಿಮಾ ನೋಡಿದರು. ಪರದೆಯ ಮೇಲೆ ಕ್ರಿಸ್ತ ನಡೆಯುತ್ತಿದ್ದರೆ ಅವರ ಕಣ್ಣ ಮುಂದೆ ರಾಮ, ಕೃಷ್ಣರು ನಡೆದಾಡಿದರಂತೆ. ಮರುದಿನ ಹೆಂಡತಿಯನ್ನೂ ಕರೆದೊಯ್ದರು. ಆಮೇಲೆ ಹುಚ್ಚು ಹಿಡಿದವರ ಹಾಗೆ ದಿನವೂ ಸಿನಿಮಾ ನೋಡುವುದು, ಮನೆಗೆ ಬಂದು ರೀಲಿನ ತುಂಡುಗಳನ್ನು ಬೆಳಕಿಗೆ ಹಿಡಿದು ಪರೀಕ್ಷಿಸುವುದು. ನಿದ್ದೆ ಬಿಟ್ಟು ಕಣ್ಣಿಗೆ ತ್ರಾಸು ಕೊಟ್ಟು ಕೆಲಕಾಲ ದೃಷ್ಟಿಯೇ ಹೋಗುವ ಸ್ಥಿತಿಗೆ ಬಂದರು. ವೈದ್ಯರ ಉಪಚಾರದಿಂದ ಮತ್ತೆ ಕಾಣತೊಡಗಿತು.

ಆ ರೀಲಿನ ತುಂಡಿನಲ್ಲಿ ಅವರು ಕಂಡದ್ದೇನು? ಸಾಲಾಗಿ ನಿಂತ ಸಣ್ಣ ಸಣ್ಣ ಸ್ಥಿರಚಿತ್ರಗಳು. ಒಂದೂ ಅಲುಗುವುದಿಲ್ಲ. ಒಂದರಲ್ಲಿ ಕಾಲು ನೆಲದ ಮೇಲೆ, ಮುಂದಿನದರಲ್ಲಿ ಕೂದಲೆಳೆಯಷ್ಟು ಮೇಲೆ. ಇವನ್ನು ಸೆಕೆಂಡಿಗೆ 16ರಂತೆ ಒಂದಾದ ಮೇಲೊಂದು ತೋರಿಸಿದರೆ ಕಣ್ಣು ಮತ್ತು ಮಿದುಳು ಸೇರಿ ನಡಿಗೆ ಎಂದು ಒಪ್ಪಿಕೊಳ್ಳುತ್ತವೆ. ಎಂಟನೆಯ ತರಗತಿಯ ವಿಜ್ಞಾನದಲ್ಲಿ ಕಣ್ಣಿನ ಪಾಠದ ಜೊತೆ ಇದನ್ನು ಮಕ್ಕಳು ಓದುತ್ತಾರೆ. ಆದರೆ ಪಾಠದಲ್ಲಿ ಇಲ್ಲದ ಒಂದು ಮಾತಿದೆ. ಚಿತ್ರ ಬದಲಾಗುವಾಗ ರೀಲು ಸರಿಯುವುದು ಕಾಣಬಾರದೆಂದು ಪ್ರೊಜೆಕ್ಟರಿನಲ್ಲಿ ಒಂದು ರೆಕ್ಕೆ ಬೆಳಕನ್ನು ಮುಚ್ಚುತ್ತದೆ. ಸೆಕೆಂಡಿಗೆ 16 ಸಲ ಕತ್ತಲಾದರೆ ಪರದೆ ಚಿಮಣಿ ದೀಪದಂತೆ ಮಿಣುಕುತ್ತದೆ. ಅದಕ್ಕೆ ಮೂರು ರೆಕ್ಕೆ ಕೂಡಿಸಿ, ಒಂದೇ ಚಿತ್ರವನ್ನು ಮೂರು ಸಲ ಬೆಳಗಿಸುತ್ತಿದ್ದರು. 16 ಮೂರಲೆ 48. ಮುಂದೆ 24 ಚಿತ್ರಗಳ ಕಾಲ ಬಂದಾಗ ಎರಡು ರೆಕ್ಕೆ ಸಾಕಾಯಿತು. ಆಗಲೂ 48. ಅಂದರೆ ನಮ್ಮ ಹಿರಿಯರು ಟಾಕೀಸಿನಲ್ಲಿ ಕಳೆದ ಸಮಯದಲ್ಲಿ ದೊಡ್ಡ ಪಾಲು ಕತ್ತಲೆಯೇ; ಆ ಕತ್ತಲೆ ಯಾರಿಗೂ ಕಾಣಲಿಲ್ಲ ಅಷ್ಟೇ.

1912ರ ಫೆಬ್ರವರಿಯಲ್ಲಿ ಫಾಲ್ಕೆ ವಿಮಾ ಪಾಲಿಸಿಯನ್ನು ಒತ್ತೆಯಿಟ್ಟು ಲಂಡನ್ನಿಗೆ ಹಡಗು ಹತ್ತಿದರು. ಅಲ್ಲಿ ಸಿನಿಮಾ ಪತ್ರಿಕೆಯೊಂದರ ಸಂಪಾದಕರ ಸ್ನೇಹವಾಯಿತು. ಅವರ ಮೂಲಕ ಸೆಸಿಲ್ ಹೆಪ್‌ವರ್ತ್ ಎಂಬ ನಿರ್ಮಾಪಕರ ಸ್ಟುಡಿಯೋ ನೋಡಲು ಸಿಕ್ಕಿತು. ವಿಲಿಯಮ್ಸನ್ ಕಂಪನಿಯ ಕ್ಯಾಮೆರಾವನ್ನು 50 ಪೌಂಡಿಗೆ ಕೊಂಡರು. ಏಪ್ರಿಲ್‌ನಲ್ಲಿ ವಾಪಸು ಬಂದರು. ಕ್ಯಾಮೆರಾ ಎಂದರೆ ಮರದ ಪೆಟ್ಟಿಗೆ, ಪಕ್ಕದಲ್ಲಿ ತಿರುಗಿಸುವ ಹಿಡಿಕೆ. ಮೋಟಾರು ಇಲ್ಲ. ಆ ಕಾಲದ ಕ್ಯಾಮೆರಾಗಳಲ್ಲಿ ಹಿಡಿಕೆ ಒಂದು ಸುತ್ತು ತಿರುಗಿದರೆ 8 ಚಿತ್ರ. ಸೆಕೆಂಡಿಗೆ ಎರಡು ಸುತ್ತು ತಿರುಗಿಸಬೇಕು, ಆಗ 16. ನಮ್ಮ ಅವ್ವಂದಿರು ಬೀಸುಕಲ್ಲು ತಿರುಗಿಸುವಾಗ ಹಾಡಿನ ಲಯ ಹಿಡಿದ ಹಾಗೆ ಕ್ಯಾಮೆರಾದವರೂ ಮನಸ್ಸಿನಲ್ಲಿ ಎಣಿಸುತ್ತಲೋ ಗುನುಗುತ್ತಲೋ ತಿರುಗಿಸುತ್ತಿದ್ದರು. ಕೈ ಸೋತರೆ ಚಿತ್ರ ಕಡಿಮೆ, ಪರದೆಯ ಮೇಲೆ ನಟ ಓಡುತ್ತಾನೆ. ಕೈ ಬಿರುಸಾದರೆ ಚಿತ್ರ ಹೆಚ್ಚು, ಪರದೆಯ ಮೇಲೆ ನಟ ತೇಲುತ್ತಾನೆ. ನಾನು ಇವತ್ತು ಗುಂಡಿ ಒತ್ತಿ ಮಾಡುವ ಸ್ಲೋ ಮೋಷನ್ನಿನ ಗುಟ್ಟೆಲ್ಲ ಇಷ್ಟೇ.

ಫಾಲ್ಕೆಗೆ ಸಾಲ ಬೇಕಿತ್ತು. ಕೇಳಿದವರು ನಂಬುತ್ತಿರಲಿಲ್ಲ. ಆಗ ಅವರು ಮಾಡಿದ ಕೆಲಸ ನನಗೆ ಅವರ ಜೀವನದಲ್ಲೇ ಬಹಳ ಪ್ರಿಯವಾದದ್ದು. ಒಂದು ಕುಂಡದಲ್ಲಿ ಬಟಾಣಿ ಕಾಳು ನೆಟ್ಟರು. ಎದುರಿಗೆ ಕ್ಯಾಮೆರಾ ಅಲುಗದಂತೆ ಇಟ್ಟರು. ಒಂದು ತಿಂಗಳಿಗಿಂತ ಹೆಚ್ಚು ಕಾಲ ಬಿಡಿಬಿಡಿಯಾಗಿ ಚಿತ್ರ ತೆಗೆಯುತ್ತ ಹೋದರು. ಎಲ್ಲವನ್ನೂ ಒಟ್ಟಿಗೆ ಓಡಿಸಿದಾಗ ಕಾಳು ಒಡೆದು, ಮೊಳಕೆ ಎದ್ದು, ಬಳ್ಳಿ ಚಾಚಿ ಬೆಳೆಯುವುದು ಒಂದು ನಿಮಿಷದೊಳಗೆ ಕಂಡಿತು. ಕಂಡವರು ಬೆರಗಾದರು, ಸಾಲ ಹುಟ್ಟಿತು. ದಿನಕ್ಕೆ ಒಂದೇ ಚಿತ್ರ ತೆಗೆದರೆಂದು ಹಲವರು ಬರೆದಿದ್ದಾರೆ. ನನ್ನ ಕಸುಬಿನ ಲೆಕ್ಕದಲ್ಲಿ ಅದು ಕೂಡುವುದಿಲ್ಲ. ಒಂದು ನಿಮಿಷಕ್ಕೆ 16ರಂತೆ 960 ಚಿತ್ರ ಬೇಕು. ತಿಂಗಳಿಗೆ ಹಂಚಿದರೆ ದಿನಕ್ಕೆ ಮೂವತ್ತರ ಮೇಲೆ. ದಿನಕ್ಕೊಂದೇ ಆಗಿದ್ದರೆ ಇಡೀ ಚಿತ್ರ ಎರಡು ಸೆಕೆಂಡಿನಲ್ಲಿ ಮುಗಿದು, ಸಾಲ ಕೊಡುವವರು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತಿತ್ತು. ಹಾಗಾದರೆ ಆ ಮನುಷ್ಯ ದಿನವೆಲ್ಲ ಕುಂಡದ ಹತ್ತಿರ ಸುಳಿದಾಡುತ್ತಲೇ ಇದ್ದಿರಬೇಕು.

ನಾನೂ ಒಮ್ಮೆ ಅಂಗಡಿಯಲ್ಲಿ ಹೆಸರುಕಾಳು ನೆಟ್ಟು ಹತ್ತು ನಿಮಿಷಕ್ಕೊಂದು ಚಿತ್ರ ಬರುವಂತೆ ಕ್ಯಾಮೆರಾ ಇಟ್ಟೆ. ದಿನಕ್ಕೆ 144, ಆರು ದಿನಕ್ಕೆ 864. ಓಡಿಸಿ ನೋಡಿದರೆ ಮೊಳಕೆಗಿಂತ ಹೆಚ್ಚು ಕುಣಿದದ್ದು ಬೆಳಕು. ಕರೆಂಟು ಹೋದಾಗ ಕಪ್ಪು, ಅಂಗಡಿಯ ಷಟರು ತೆಗೆದಾಗ ಬಿಳುಪು, ನಡುವೆ ಒಂದು ಇರುವೆ. ಯಂತ್ರ ತಾನೇ ಎಣಿಸುವ ಕಾಲದಲ್ಲಿ ನನಗೆ ಆಗದ್ದನ್ನು ಅವರು 1912ರಲ್ಲಿ ಕೈಯಿಂದ ಮಾಡಿದ್ದರು.

ರಾಜಾ ಹರಿಶ್ಚಂದ್ರದ ಕಥೆ ಎಲ್ಲರಿಗೂ ಸ್ವಲ್ಪ ಗೊತ್ತು. ದಾದರದ ಮನೆಯ ಆವರಣವೇ ಸ್ಟುಡಿಯೋ. ದೀಪಗಳಿರಲಿಲ್ಲ, ಸೂರ್ಯನ ಬೆಳಕೇ ಗತಿ. ಹರಿಶ್ಚಂದ್ರನಾಗಿ ದತ್ತಾತ್ರೇಯ ದಾಬ್ಕೆ. ಹೆಂಗಸರು ಯಾರೂ ಸಿನಿಮಾಕ್ಕೆ ಬರಲೊಪ್ಪದೆ ಹೋಟೆಲಿನಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ತಾರಾಮತಿಯಾದರು. ರೋಹಿತಾಶ್ವನಾಗಿ ಮಗ ಭಾಲಚಂದ್ರ. ಫಾಲ್ಕೆಯವರೇ ಕಲಿಸಿದ ತೆಲಂಗ ಎಂಬ ಗೆಳೆಯರು ಹಿಡಿಕೆ ತಿರುಗಿಸಿದರು. ಎಲ್ಲಿ ಕೆಲಸ ಎಂದು ಯಾರಾದರೂ ಕೇಳಿದರೆ ಹರಿಶ್ಚಂದ್ರನ ಕಾರ್ಖಾನೆಯಲ್ಲಿ ಎಂದು ಹೇಳಲು ನಟರಿಗೆ ಹೇಳಿಕೊಟ್ಟಿದ್ದರಂತೆ. ನಾಟಕದವರೆಂದರೆ ಹೆಣ್ಣು ಕೊಡುವುದಿರಲಿ, ಬಾಡಿಗೆಗೆ ಮನೆಯೂ ಸಿಗದ ಕಾಲ.

ಸರಸ್ವತಿಬಾಯಿಯವರ ಹೆಸರು ಮಾತ್ರ ಎಲ್ಲರಿಗೂ ಗೊತ್ತಿಲ್ಲ. ಕೆಲಸದವರೆಲ್ಲರಿಗೂ ಅಡುಗೆ ಅವರದು. ಚಿತ್ರೀಕರಣದಲ್ಲಿ ನಟರ ಮುಖಕ್ಕೆ ಬಿಸಿಲು ಬೀಳುವಂತೆ ಬಿಳಿ ಬಟ್ಟೆ ಹಿಡಿದು ನಿಲ್ಲುವುದೂ ಅವರೇ. ರಾತ್ರಿ ಕತ್ತಲ ಕೋಣೆಯಲ್ಲಿ ಫಿಲ್ಮಿಗೆ ತೂತು ಹೊಡೆಯುವುದು, ತೊಳೆಯುವುದು. ಆಗ ಕಚ್ಚಾ ಫಿಲ್ಮು ಅಂಚಿನ ತೂತುಗಳಿಲ್ಲದೆ ಬರುತ್ತಿತ್ತು, ಯಂತ್ರದಲ್ಲಿಟ್ಟು ತೂತು ಮಾಡಿಕೊಳ್ಳಬೇಕು. ಒಂದು ಚಿತ್ರಕ್ಕೆ ಒಂದೊಂದು ಅಂಚಿನಲ್ಲಿ 4 ತೂತು. ಒಂದು ಅಡಿ ಫಿಲ್ಮಿನಲ್ಲಿ 16 ಚಿತ್ರ, ಹಾಗಾಗಿ ಒಂದು ಅಂಚಿಗೆ 64. ತೂತು ಕೂದಲೆಳೆ ಸರಿದರೂ ಪರದೆಯ ಮೇಲೆ ರಾಜ ನಡುಗುತ್ತಾನೆ. ಕತ್ತಲಲ್ಲಿ ಕೈಯಂದಾಜಿನಲ್ಲಿ ಈ ಕೆಲಸ ಮಾಡಿದ ಆ ತಾಯಿಯ ಹೆಸರಿನಲ್ಲೂ ಒಂದು ಪ್ರಶಸ್ತಿ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

1913ರ ಏಪ್ರಿಲ್ 21ರಂದು ಆಹ್ವಾನಿತರಿಗೆ ತೋರಿಸಿ, ಮೇ 3ರಂದು ಗಿರಗಾಂವದ ಕೊರೊನೇಷನ್ ಥಿಯೇಟರಿನಲ್ಲಿ ಬಿಡುಗಡೆ ಮಾಡಿದರು. ಚಿತ್ರದ ಉದ್ದ 3,700 ಅಡಿ. ಇಲ್ಲೊಂದು ಸೊಗಸಿದೆ. ಅಡಿಗೆ 16 ಚಿತ್ರ, ಸೆಕೆಂಡಿಗೂ 16 ಚಿತ್ರ. ಆದ್ದರಿಂದ ಒಂದು ಅಡಿ ಎಂದರೆ ಒಂದು ಸೆಕೆಂಡು. 3,700 ಅಡಿ ಎಂದರೆ 3,700 ಸೆಕೆಂಡು, ಒಂದು ಗಂಟೆಯ ಮೇಲೆ ಸ್ವಲ್ಪ. ಈಗಿನ ಪುಸ್ತಕಗಳಲ್ಲಿ ಈ ಚಿತ್ರದ ಅವಧಿ 40 ನಿಮಿಷ ಎಂದಿರುತ್ತದೆ. ಅದು ಸೆಕೆಂಡಿಗೆ 24ರ ಲೆಕ್ಕ. ಪ್ರೇಕ್ಷಕರು ಗಂಟೆ ಕಾಲ ನೋಡಿ ಕಣ್ಣೀರಿಟ್ಟ ಚಿತ್ರವನ್ನು ನಾವು ಕಾಗದದ ಮೇಲೆ ಇಪ್ಪತ್ತು ನಿಮಿಷ ಕತ್ತರಿಸಿದ್ದೇವೆ.

ಸೂರತ್ತಿನಲ್ಲಿ ಜನ ಬರಲಿಲ್ಲವಂತೆ. ಅಗ್ಗದ ದುಡ್ಡಿಗೆ ರಾತ್ರಿಯೆಲ್ಲ ನಾಟಕ ಸಿಗುವಾಗ ಇಷ್ಟು ಹೊತ್ತಿನ ಆಟಕ್ಕೆ ಮೂರಾಣೆ ಯಾರು ಕೊಡುತ್ತಾರೆ? ಫಾಲ್ಕೆ ಜಾಹೀರಾತು ಬದಲಿಸಿದರು. ಇದರಲ್ಲಿ 57,000 ಫೋಟೋಗಳಿವೆ, ಎರಡು ಮೈಲು ಉದ್ದದ ಚಿತ್ರ, ಎಲ್ಲ ಸೇರಿ ಬರೀ ಮೂರಾಣೆ ಎಂದು ಸಾರಿದರು. ಜನ ನುಗ್ಗಿದರು. ಫೋಟೋಗಳ ಲೆಕ್ಕ ಹೆಚ್ಚುಕಡಿಮೆ ಸರಿಯೇ. 57,000ವನ್ನು 16ರಿಂದ ಭಾಗಿಸಿದರೆ ಒಂದು ಗಂಟೆಗೆ ಒಂದು ನಿಮಿಷ ಕಮ್ಮಿ. ಮೈಲಿನ ಲೆಕ್ಕ ಮಾತ್ರ ತಪ್ಪು, ಅದು ಒಂದು ಮೈಲೂ ಇಲ್ಲ. ವ್ಯಾಪಾರ ಎಂದರೆ ಅಷ್ಟಿಷ್ಟು ಇರುತ್ತದೆ. ನನ್ನ ಅಂಗಡಿಯ ಬೋರ್ಡಿನ ಮೇಲೂ ಅಂಥ ಒಂದೆರಡು ಮಾತುಗಳಿವೆ.

ಅಲ್ಲಿಂದ ಮುಂದೆ ಏಳು ಎಂಟು ವರ್ಷ ಅವರ ಸುಗ್ಗಿಯ ಕಾಲ. ಕಂಪನಿಯನ್ನು ನಾಸಿಕಕ್ಕೆ ಒಯ್ದರು. ಮೋಹಿನಿ ಭಸ್ಮಾಸುರದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ನಟಿಸಿ, ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬರುವಂತಾಯಿತು. 1917ರ ಲಂಕಾದಹನದಲ್ಲಿ ಅದೇ ಸಾಳುಂಕೆ ರಾಮನೂ ಆದರು, ಸೀತೆಯೂ ಆದರು. ರಾಮ ಪರದೆಯ ಮೇಲೆ ಬಂದಾಗ ಜನ ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದರೆಂದು ಹೇಳುತ್ತಾರೆ. 1919ರ ಕಾಳಿಯಮರ್ದನದಲ್ಲಿ ಪುಟ್ಟ ಮಗಳು ಮಂದಾಕಿನಿಯೇ ಕೃಷ್ಣ. ದೇವರು ಥಟ್ಟನೆ ಪ್ರತ್ಯಕ್ಷನಾಗುವುದು, ಮಾಯವಾಗುವುದು, ಇವೆಲ್ಲ ಹಿಡಿಕೆಯ ಆಟ. ತಿರುಗಿಸುವುದನ್ನು ನಿಲ್ಲಿಸಿ, ನಟನನ್ನು ಒಳಗೆ ಕರೆದು, ಮತ್ತೆ ತಿರುಗಿಸಿದರೆ ಶಿವ ಗಾಳಿಯಿಂದ ಇಳಿದ ಹಾಗೆ. ಪ್ರೊಫೆಸರ್ ಕೆಲ್ಫಾ ಕಲಿತ ಜಾದೂ ದಂಡಕ್ಕೆ ಹೋಗಲಿಲ್ಲ.

1918ರಲ್ಲಿ ಹಣವಂತರು ಸೇರಿ ಹಿಂದುಸ್ತಾನ್ ಕಂಪನಿ ಆಯಿತು. ಮತ್ತೆ ಅದೇ ಮನಸ್ತಾಪ. ಫಾಲ್ಕೆ ಎಲ್ಲ ಬಿಟ್ಟು ಕಾಶಿಗೆ ಹೋಗಿ ಕುಳಿತು ರಂಗಭೂಮಿ ಎಂಬ ನಾಟಕ ಬರೆದರು. ಕೆಲ ವರ್ಷದಲ್ಲಿ ಅದೇ ಕಂಪನಿಗೆ ಮರಳಿ ಚಿತ್ರಗಳನ್ನು ಮಾಡಿದರು, ಹಳೆಯ ವೈಭವ ಬರಲಿಲ್ಲ.

ಆಮೇಲೆ ಬಂದದ್ದು ಮಾತು. 1931ರ ಮಾರ್ಚ್ 14ರಂದು ಮುಂಬೈಯಲ್ಲಿ ಆಲಂ ಆರಾ ಬಿಡುಗಡೆಯಾಯಿತು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ನಮ್ಮ ಮೊದಲ ಕನ್ನಡ ವಾಕ್ಚಿತ್ರ ಸತಿ ಸುಲೋಚನಾ. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಅದಕ್ಕಾಗಿ ಹೋದದ್ದು ಕೊಲ್ಹಾಪುರಕ್ಕೆ, ಚಿತ್ರೀಕರಣವೆಲ್ಲ ಅಲ್ಲಿಯ ಸ್ಟುಡಿಯೋದಲ್ಲಿ. ಮಾತು ಬಂದ ಮೇಲೆ ಕೈಯ ಹಿಡಿಕೆಯ ಕಾಲ ಮುಗಿಯಿತು. ಫಿಲ್ಮಿನ ಅಂಚಿನಲ್ಲೇ ಧ್ವನಿಯ ಗೆರೆ ಕೂಡುತ್ತದೆ. ವೇಗ ಏರಿಳಿದರೆ ಧ್ವನಿಯೂ ಏರಿಳಿದು ರಾವಣ ಮಗುವಿನ ಹಾಗೆ ಕೀರಲುತ್ತಾನೆ. ನಿಧಾನವಾಗಿ ಓಡಿದರೆ ಧ್ವನಿ ಸ್ಪಷ್ಟ ಬರುವುದಿಲ್ಲ, ಬಿರುಸಾಗಿ ಓಡಿದರೆ ಫಿಲ್ಮಿನ ಖರ್ಚು. ಹಾಗಾಗಿ ಮೋಟಾರು ಜೋಡಿಸಿ ಸೆಕೆಂಡಿಗೆ 24 ಎಂದು ಜಗತ್ತೆಲ್ಲ ಗೊತ್ತುಮಾಡಿಕೊಂಡಿತು. ಇವತ್ತಿಗೂ ನಾವು ಸಿನಿಮಾದ ಕಳೆ ಎನ್ನುವುದು ಆ 24ರದು. ಪ್ರತಿ ಚಿತ್ರಕ್ಕೂ ಸೆಕೆಂಡಿನ 48ನೆಯ ಒಂದು ಭಾಗದಷ್ಟು ಬೆಳಕು ಬಿದ್ದು, ಬೀಸುವ ಕೈ ಸ್ವಲ್ಪ ಮಸುಕಾಗಿ ಮೂಡುತ್ತದೆ. ಆ ಮಸುಕಿನಿಂದಲೇ ಅದು ಕಥೆಯ ಹಾಗೆ, ಕನಸಿನ ಹಾಗೆ ಕಾಣುವುದು. ಟಿವಿ ನಮ್ಮ ದೇಶದಲ್ಲಿ ಕರೆಂಟಿನ 50ಕ್ಕೆ ಹೊಂದಿಕೊಂಡು 25 ಆಯಿತು, ಅದರಲ್ಲೂ ಒಂದೊಂದನ್ನು ಎರಡು ಪಾಲು ಮಾಡಿ ಸೆಕೆಂಡಿಗೆ 50 ಸಲ ಬರೆಯುವುದರಿಂದ ವಾರ್ತೆ, ಕ್ರಿಕೆಟ್ಟು, ಧಾರಾವಾಹಿ ಎಲ್ಲ ಕಿಟಕಿಯಿಂದ ನೋಡಿದಷ್ಟು ನುಣುಪು. 2012ರಲ್ಲಿ ಹಾಬಿಟ್ ಎಂಬ ಇಂಗ್ಲಿಷ್ ಚಿತ್ರವನ್ನು ಸೆಕೆಂಡಿಗೆ 48ರಲ್ಲಿ ತೋರಿಸಿದಾಗ, ಇದು ಸಿನಿಮಾ ಅಲ್ಲ ಟಿವಿ ಎಂದು ಹಲವರು ಮುಖ ಸಿಂಡರಿಸಿದರು. ಹೆಚ್ಚು ಸ್ಪಷ್ಟ ಕಂಡದ್ದೇ ತಪ್ಪಾಯಿತು.

ಫಾಲ್ಕೆಯವರ ಸೇತುಬಂಧನ ಈ ಎರಡು ಕಾಲಗಳ ನಡುವೆ ಸಿಕ್ಕಿಹಾಕಿಕೊಂಡಿತು. ಮೂಕಿಯಾಗಿ ತಯಾರಾದ ಚಿತ್ರ. ಮುಗಿಯುವ ಹೊತ್ತಿಗೆ ಮೂಕಿಯನ್ನು ಕೇಳುವವರಿಲ್ಲ. ಮತ್ತೆ ಹಣ ಸುರಿದು ಆಮೇಲೆ ಧ್ವನಿ ಕೂಡಿಸಿ 1934ರಲ್ಲಿ ತೆರೆಗೆ ತಂದರು. ಆಗಲೇ ಆಡಿ ಮುಗಿದ ತುಟಿಗಳಿಗೆ ತಿರುಗಿ ಮಾತು ಹೊಂದಿಸುವುದು ಎಂಥ ಯಾತನೆ ಎಂದು ನನಗೆ ಗೊತ್ತು. ಅದನ್ನು ನಾನೊಮ್ಮೆ ನನ್ನ ತಪ್ಪಿನಿಂದಲೇ ಅನುಭವಿಸಿದ್ದೇನೆ.

ಔರಾದ ತಾಲೂಕಿನ ಒಂದು ಹಳ್ಳಿಯ ಮದುವೆ. ಅಕ್ಷತೆ ಬೀಳುವ ಹೊತ್ತಿಗೆ ಮದುಮಗಳ ಮುತ್ಯಾ ಎದ್ದು ನಿಂತು, ಕೈಯಾಡಿಸುತ್ತ ಮಂಗಳದ ಹಾಡು ಹಾಡಿದರು. ಅಕ್ಕಿಕಾಳು ಮೆಲ್ಲಗೆ ಉದುರುವುದು ಚೆಂದ ಕಾಣಲೆಂದು ನಾನು ಕ್ಯಾಮೆರಾವನ್ನು ಸೆಕೆಂಡಿಗೆ 100ಕ್ಕೆ ಇಟ್ಟಿದ್ದೆ. ಆ ಸೆಟ್ಟಿಂಗಿನಲ್ಲಿ ನನ್ನ ಕ್ಯಾಮೆರಾ ಧ್ವನಿ ಹಿಡಿಯುವುದಿಲ್ಲ. ಮುತ್ಯಾ ಹಾಡುವಾಗ ಬದಲಿಸಬೇಕೆಂಬುದು ಹೊಳೆಯಲಿಲ್ಲ. ದೀಪಾವಳಿಯ ಮುಂಚೆ ಮುತ್ಯಾ ತೀರಿಕೊಂಡರು. ಮನೆಯವರು ಆ ಹಾಡಿಗಾಗಿ ಅಂಗಡಿಗೆ ಬಂದರು. ನನ್ನಲ್ಲಿ ಇದ್ದದ್ದು ಬಾಯಿ ತೆರೆದು ಮುಚ್ಚುವ, ನಾಲ್ಕು ಪಟ್ಟು ನಿಧಾನವಾದ ಮುತ್ಯಾ. ಅವರು ಜಗಳವಾಡಲಿಲ್ಲ, ಹಣ ವಾಪಸು ಕೇಳಲಿಲ್ಲ. ಮಗ ಒಂದು ಮಾತೂ ಆಡದೆ ಎದ್ದು ಹೋದರು.

ಮದುವೆಗೆ ಬಂದವರ ಮೊಬೈಲುಗಳನ್ನೆಲ್ಲ ಹುಡುಕಿಸಿದೆ. ಭಾಲ್ಕಿಯ ಬೀಗರ ಕಡೆಯ ಒಬ್ಬ ಹುಡುಗನ ಫೋನಿನಲ್ಲಿ, ಎಲ್ಲೋ ಹಿಂದಿನಿಂದ ಹಿಡಿದ, ಪರದೆಯಲ್ಲಿ ಬರೀ ಬೆನ್ನುಗಳೇ ಕಾಣುವ ನಲವತ್ತು ಸೆಕೆಂಡಿನ ತುಣುಕು ಸಿಕ್ಕಿತು. ಧ್ವನಿ ಮಾತ್ರ ಇತ್ತು. ನನ್ನ ಚಿತ್ರದಲ್ಲಿ ನಾಲ್ಕಕ್ಕೆ ಒಂದನ್ನು ಆರಿಸಿ 100ನ್ನು 25ಕ್ಕೆ ತಂದು, ಆ ಧ್ವನಿಗೆ ಹೊಂದಿಸಿದೆ. ತುಟಿ ಕೂಡಿತು. ಆದರೆ ವೇಗದ ಷಟರಿನಲ್ಲಿ ತೆಗೆದ ಚಿತ್ರವಾದ್ದರಿಂದ ಬೀಸುವ ಕೈಯಲ್ಲಿ ಮಸುಕೇ ಇಲ್ಲ. ಮುತ್ಯಾನ ಕೈ ಇಲ್ಲಿಂದಲ್ಲಿಗೆ ತೊಗಲುಗೊಂಬೆಯ ಹಾಗೆ ಹಾರುತ್ತದೆ. ಮನೆಯವರು ಅದನ್ನೇ ಕಣ್ಣಿಗೊತ್ತಿಕೊಂಡು ಒಯ್ದರು. ನನಗೆ ಇವತ್ತಿಗೂ ಆ ಕೈ ಕಾಣುತ್ತದೆ.

1937ರಲ್ಲಿ, ಅದೇ ಕೊಲ್ಹಾಪುರದಲ್ಲಿ, ಅರವತ್ತೇಳರ ವಯಸ್ಸಿನಲ್ಲಿ ಫಾಲ್ಕೆ ಗಂಗಾವತರಣ ಮಾಡಿದರು. ಮಾತಿನ ಚಿತ್ರವಾಗಿಯೇ ತಯಾರಾದ ಅವರ ಒಂದೇ ಚಿತ್ರ, ಕೊನೆಯದೂ ಅದೇ. ಆಮೇಲೆ ನಾಸಿಕದಲ್ಲಿ ಉಳಿದರು. ಕೈಯಲ್ಲಿ ಹಣ ಉಳಿದಿರಲಿಲ್ಲ, ಸಿನಿಮಾದ ಲೋಕ ಅವರನ್ನು ಬಹುಮಟ್ಟಿಗೆ ಮರೆತಿತ್ತು. 1944ರ ಫೆಬ್ರವರಿ 16ರಂದು ತೀರಿಕೊಂಡರು. ಇಪ್ಪತ್ತೈದು ವರ್ಷ ಬಿಟ್ಟು 1969ರಲ್ಲಿ ಸರ್ಕಾರ ಅವರ ಹೆಸರಿನ ಪ್ರಶಸ್ತಿ ಆರಂಭಿಸಿತು. ನಮ್ಮ ಡಾ. ರಾಜಕುಮಾರರಿಗೆ 1995ರ ಸಾಲಿನದು ಬಂತು, ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರಿಗೆ 2008ರ ಸಾಲಿನದು. ಕ್ಯಾಮೆರಾ ಹಿಡಿದವರೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆ ದಿನ ನಾನು ಅಂಗಡಿಯಲ್ಲಿ ಪೇಡೆ ಹಂಚಿದೆ. ಹರಿಶ್ಚಂದ್ರದ ಕೆಲವು ರೀಲುಗಳಷ್ಟೇ ಪುಣೆಯ ಚಲನಚಿತ್ರ ಭಂಡಾರದಲ್ಲಿ ಉಳಿದಿವೆ. ಅವೂ 1917ರಲ್ಲಿ ಮತ್ತೆ ತೆಗೆದವು ಎಂದು ಕೆಲವು ವಿದ್ವಾಂಸರ ವಾದ.

ಇನ್ನು ಗಾಂಧೀಜಿಯ ನಡಿಗೆ. ಹೈದರಾಬಾದಿನಲ್ಲಿ ಕೆಲಸ ಕಲಿಯುತ್ತಿದ್ದಾಗ ಪ್ರೊಜೆಕ್ಟರ್ ರಿಪೇರಿಯ ಒಬ್ಬ ಹಿರಿಯರು ನನಗೆ ಗುಟ್ಟು ಬಿಡಿಸಿ ಹೇಳಿದರು. ಮೂಕಿಯ ವೇಗದಲ್ಲಿ, ಕೈಯಿಂದ ತಿರುಗಿಸಿ ತೆಗೆದ ಹಳೆಯ ತುಣುಕನ್ನು ಹಾಗೆಯೇ ಮಾತಿನ ಚಿತ್ರಕ್ಕೆ ಅಂಟಿಸಿದ್ದಾರೆ. 16 ಹೋಗಬೇಕಾದ ಕಡೆ 24 ಹೋದರೆ ನಡಿಗೆ ಒಂದೂವರೆ ಪಟ್ಟು. ಎರಡು ಚಿತ್ರಗಳಿಗೆ ಮೂರಾಗುವಂತೆ ಒಂದನ್ನು ಮತ್ತೆ ಅಚ್ಚು ಹಾಕಿದರೆ ಸರಿಹೋಗುತ್ತದೆ ಎಂದರು.

ಇದನ್ನು ಮಾಸ್ತರರಿಗೆ ಹೇಳಬೇಕೆಂದುಕೊಂಡು ಎಷ್ಟೋ ವರ್ಷ ಹಾಗೇ ಕಳೆದೆ. ಅವರು ನಿವೃತ್ತರಾಗಿ ಭಾಲ್ಕಿಯಲ್ಲಿದ್ದರು. ಕೊನೆಗೊಂದು ದಿನ ಅಂಥದೇ ತುಣುಕೊಂದನ್ನು ಕಂಪ್ಯೂಟರಿನಲ್ಲಿ ಸರಿಪಡಿಸಿ, ಲ್ಯಾಪ್‌ಟಾಪ್ ಹಿಡಿದು ಅವರ ಮನೆಗೆ ಹೋದೆ. ಎಂಬತ್ತು ದಾಟಿತ್ತು, ಹೆಸರು ಹೇಳಿದ ಮೇಲೆ ಗುರುತು ಹಿಡಿದರು. ಮೈದಾನದ ಸಂಗತಿ ಎತ್ತಿದಾಗ ನೆನಪಿದೆ ಎಂದು ತಲೆಯಾಡಿಸಿದರು. ಮೊದಲು ಓಡುವ ಗಾಂಧೀಜಿ, ಆಮೇಲೆ 16ಕ್ಕೆ ಇಳಿಸಿದ ಗಾಂಧೀಜಿ, ಎರಡನ್ನೂ ತೋರಿಸಿದೆ. ಅವರು ಮೂರು ಸಲ ಹಾಕಿಸಿ ನೋಡಿ, ಕ್ಯಾಮೆರಾದವನು 16ಕ್ಕೇ ತಿರುಗಿಸಿದನೆಂದು ನಿನಗೆ ಹೇಗೆ ಗೊತ್ತು ಎಂದು ಕೇಳಿದರು. ಮತ್ತೆ ನನ್ನಲ್ಲಿ ಉತ್ತರವಿರಲಿಲ್ಲ. ಗಾಂಧೀಜಿ ನಿಜವಾಗಿಯೂ ಬಿರುಸು ನಡೆಯುವವರು, ನೀನು ಅವರನ್ನು ಮುದುಕನನ್ನಾಗಿ ಮಾಡಿದ್ದೀ ಎಂದು ನಕ್ಕರು. ಸೊಂಟದ ಗಡಿಯಾರ ಜೋತಾಡುವುದು ಕಂಡರೆ ಲೋಲಕದ ಸೂತ್ರದಿಂದ ವೇಗ ಕಂಡುಹಿಡಿಯಬಹುದೆಂದು ಪರದೆಯ ಹತ್ತಿರ ಬಗ್ಗಿ ಹುಡುಕಿದರು, ಕಾಣಲಿಲ್ಲ. ಕಡೆಗೆ ನಾನು ಅಲ್ಲೇ ಕುಳಿತು 16, 18, 20 ಎಂದು ಮೂರು ಬಗೆ ಮಾಡಿದೆ. ಅವರು ಕುರ್ಚಿಯ ಕೈ ಮೇಲೆ ಬೆರಳಿನಿಂದ ಹೆಜ್ಜೆ ತಟ್ಟುತ್ತ ನೋಡಿ 18ನ್ನು ಆರಿಸಿದರು. ಅಮ್ಮ ಚಹಾ ತಂದರು.

ಮರುವರ್ಷ ಮಾಸ್ತರರು ತೀರಿಕೊಂಡರು. ಆ 18ರ ತುಣುಕು ನನ್ನಲ್ಲಿದೆ. ಸುವರ್ಣ ಮಹೋತ್ಸವದ ದಿನ ಸಂಜೆ, ಅದೇ ಮೈದಾನದಲ್ಲಿ, ಕತ್ತಲಾದ ಮೇಲೆ ಅದನ್ನು ತೋರಿಸಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಪರದೆ ನನ್ನದೇ ತರುತ್ತೇನೆ.